ಕಿಂಜರ್ಸ್‌ನ ಗರಗಸ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಆಗಸ್ಟ್‌ನಲ್ಲಿ ಕಿಂಜರ್ಸ್‌ನ ಎಂಜಿನ್ ಮೇಳಕ್ಕೆ ಹೋಗುತ್ತೀಯೆಂದು ಬರೆದಿದ್ದೀಯ. ಒಳ್ಳೆಯದಾಯಿತು. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ಆ ಊರಿನಲ್ಲಿ ಹಳೆಯ ಯಂತ್ರಗಳನ್ನು ಉಳಿಸಿ ಓಡಿಸುವ ‘ರಫ್ ಅಂಡ್ ಟಂಬಲ್’ ಸಂಘ 1948ರಲ್ಲೇ ಶುರುವಾದದ್ದು. ಉಗಿ ಎಂಜಿನ್ನು, ಒಕ್ಕಣೆ ಯಂತ್ರ ಎಲ್ಲವನ್ನೂ ನೋಡು. ಆದರೆ ದುಂಡು ಗರಗಸದ ಸಾಮಿಲ್ಲಿನ ಹತ್ತಿರ ಒಂದು ಗಂಟೆಯಾದರೂ ನಿಂತುಕೋ. ಜನರೆಲ್ಲ ಬ್ಲೇಡನ್ನೇ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ನೀನು ಮಾತ್ರ ಕೆಳಗೆ ಬೀಳುವ ಮರದ ಹೊಟ್ಟಿನ ಮೇಲೆ ಒಂದು ಕಣ್ಣಿಡು. ಯಾಕೆಂದು ಬರೆಯುತ್ತೇನೆ, ಸ್ವಲ್ಪ ಉದ್ದವಾದೀತು.

ನಮ್ಮ ಕಡೆ ಈಗ ಸಾಮಿಲ್ಲು ಅಂದರೆ ಬ್ಯಾಂಡ್ ಸಾ, ರಿಬ್ಬನ್ನಿನ ಹಾಗೆ ಸುತ್ತುವ ಪಟ್ಟಿ. ಅಲ್ಲಿಯದು ಇಡೀ ತಟ್ಟೆ. ಇಂಥ ಮಿಲ್ಲುಗಳಲ್ಲಿ 48ರಿಂದ 60 ಇಂಚು ಅಡ್ಡಳತೆಯ ಬ್ಲೇಡು ಸಾಮಾನ್ಯ. 54 ಇಂಚಿನದನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳೋಣ: ತಟ್ಟೆಯ ದಪ್ಪ ಸುಮಾರು 4.2 ಮಿ.ಮೀ., ತೂಕ 50 ಕಿಲೋದ ಹತ್ತಿರ. ನಡುವೆ ಬ್ಲೇಡನ್ನು ಶಾಫ್ಟಿಗೆ ಬಿಗಿಯುವ 6 ಇಂಚಿನ ಬಿಲ್ಲೆ, ಅಂದರೆ ಕಾಲರ್, ಕೂತಿರುವುದರಿಂದ ಕೊಯ್ಯಲು ಆಳ ಸಿಗುವುದು 24 ಇಂಚಿಗೂ ಸ್ವಲ್ಪ ಕಡಿಮೆ. ಅದಕ್ಕಿಂತ ದಪ್ಪದ ದಿಮ್ಮಿ ಬಂದರೆ ಈ ಬ್ಲೇಡಿನಿಂದ ಒಂದೇ ಸಲಕ್ಕೆ ಆಗುವ ಕೆಲಸವಲ್ಲ. ಕೆಲವು ಮಿಲ್ಲುಗಳಲ್ಲಿ ಅದಕ್ಕೆಂದೇ ಮೇಲುಗಡೆ ಇನ್ನೊಂದು ಸಣ್ಣ ಗರಗಸ ಕೂರಿಸಿರುತ್ತಾರೆ. ಕೆಳಗಿನದು ಮುಟ್ಟದ ಮೇಲ್ಭಾಗವನ್ನು ಅದು ಕೊಯ್ಯುತ್ತದೆ.

ಎಂಜಿನ್ನು ಯಾಕೆ ಅಷ್ಟು ದೂರ ನಿಂತಿದೆ ಅನ್ನಿಸಬಹುದು. ಒಕ್ಕಣೆಯ ಕಾಲದಿಂದ ಬಂದ ಪದ್ಧತಿ ಅದು; 150 ಅಡಿ ಉದ್ದದ ಚಪ್ಪಟೆ ಬೆಲ್ಟು ಹಾಕಿದರೆ ಎಂಜಿನ್ನಿಗೂ ಯಂತ್ರಕ್ಕೂ ನಡುವೆ ಸುಮಾರು 70 ಅಡಿ ಬೀಳುತ್ತದೆ. ಕಿಡಿ ಒಣಹುಲ್ಲಿಗೋ ಹೊಟ್ಟಿಗೋ ಹಾರಬಾರದು ಎಂಬುದು ಒಂದು ಕಾರಣ. ಇನ್ನೊಂದು, ಉದ್ದ ಬೆಲ್ಟಿನ ಸ್ವಂತ ಭಾರವೇ ಅದನ್ನು ಪುಲ್ಲಿಗೆ ಒತ್ತಿ ಹಿಡಿಯುತ್ತದೆ. ತಿರುಗುವ ದಿಕ್ಕು ಬದಲಾಗಬೇಕಾದರೆ ಬೆಲ್ಟನ್ನು ಎಂಟರ ಆಕಾರದಲ್ಲಿ ಅಡ್ಡ ಹಾಕುತ್ತಾರೆ. ಆಗ ಅದು ಪುಲ್ಲಿಯನ್ನು ಇನ್ನೂ ಹೆಚ್ಚು ಸುತ್ತಿ ಹಿಡಿಯುತ್ತದೆ, ಗಾಳಿಗೆ ಬಡಿದುಕೊಳ್ಳುವುದೂ ಕಡಿಮೆ. ಎಂಜಿನ್ನು ಒಂದಿಷ್ಟು ಓರೆ ನಿಂತಿದ್ದರೂ ಬೆಲ್ಟು ಪುಲ್ಲಿಯ ಅಂಚಿಗೆ ಸರಿದು ಜಾರಿಬಿಡುತ್ತದೆ. ಹಾಗಾಗಿ ಡ್ರೈವರು ಎಂಜಿನ್ನನ್ನು ಹಿಂದೆ ಮುಂದೆ ಮಾಡಿ, ಬೆಲ್ಟು ಬಿಗಿಯಾದ ಮೇಲೆ ಚಕ್ರಕ್ಕೆ ಮರದ ತುಂಡು ಅಡ್ಡ ಕೊಡುವುದನ್ನು ನೋಡಲು ಬೇಗ ಹೋಗು.

ವೇಗದ ಲೆಕ್ಕ ಸುಲಭ. ಎಂಜಿನ್ನಿನ ಫ್ಲೈವೀಲು 40 ಇಂಚಿನದು, ನಿಮಿಷಕ್ಕೆ 250 ಸುತ್ತು ಅಂದುಕೋ. ಗರಗಸದ ಶಾಫ್ಟಿನ ಪುಲ್ಲಿ 18 ಇಂಚಿನದು. 250ನ್ನು 40ರಿಂದ ಗುಣಿಸಿ 18ರಿಂದ ಭಾಗಿಸಿದರೆ 555 ಸುತ್ತು. 54 ಇಂಚಿನ ಬ್ಲೇಡಿನ ಸುತ್ತಳತೆ 14.14 ಅಡಿ. ಅಲ್ಲಿಗೆ ಹಲ್ಲುಗಳು ನಿಮಿಷಕ್ಕೆ 7,850 ಅಡಿ ಓಡುತ್ತವೆ, ಗಂಟೆಗೆ ಹೆಚ್ಚುಕಡಿಮೆ 144 ಕಿ.ಮೀ. ಬೆಲ್ಟು ಒಂದಿಷ್ಟು ಜಾರುವುದನ್ನು ಇದರಲ್ಲಿ ಕಳೆಯಬೇಕು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಆ ತಟ್ಟೆ ನಿಂತಾಗ ಪೂರ್ತಿ ಸಪಾಟಾಗಿ, ಬಿಗಿಯಾಗಿ ಇರುವುದಿಲ್ಲ, ಇರಲೂ ಬಾರದು. ತಿರುಗುವಾಗ ಅಂಚಿನ ಉಕ್ಕು ಹೊರಕ್ಕೆ ಎಳೆದುಕೊಂಡು ಕೂದಲೆಳೆಯಷ್ಟು ಹಿಗ್ಗುತ್ತದೆ. ಕೊಯ್ಯುವ ಬಿಸಿಯೂ ಅಂಚನ್ನೇ ಹಿಗ್ಗಿಸುತ್ತದೆ. ಮೊದಲೇ ಎಲ್ಲ ಕಡೆ ಒಂದೇ ಬಿಗಿ ಇದ್ದರೆ ಹಿಗ್ಗಿದ ಅಂಚಿಗೆ ಜಾಗ ಸಾಲದೆ ಹಪ್ಪಳದ ಅಂಚಿನಂತೆ ಅಲೆಅಲೆಯಾಗುತ್ತದೆ. ಅದಕ್ಕೇ ಸುತ್ತಿಗೆ ಹಿಡಿದ ಕುಶಲಕರ್ಮಿ ತಟ್ಟೆಯ ನಡುಭಾಗವನ್ನು ಎರಡೂ ಮೈಗೆ ಬಡಿದು ಬಡಿದು ಉಕ್ಕನ್ನು ಹಿಗ್ಗಿಸಿ, ಬೇಕೆಂದೇ ಸಡಿಲ ಮಾಡಿರುತ್ತಾನೆ. ಬ್ಲೇಡನ್ನು ಸ್ವಲ್ಪ ಎತ್ತಿಹಿಡಿದು ನೇರಪಟ್ಟಿ ಇಟ್ಟರೆ ನಡುವೆ ಬೆಳಕಿನ ಗೆರೆ ಕಾಣುತ್ತದೆ. ಎಷ್ಟು ಸಡಿಲ ಎಂಬುದು ನಿಮಿಷಕ್ಕೆ ಎಷ್ಟು ಸುತ್ತಿನ ವೇಗದಲ್ಲಿ ಓಡಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ಓಡುವಾಗ ಅಂಚು ಹಿಗ್ಗಿ, ನಡುವಿನ ಸಡಿಲವನ್ನು ಎಳೆದುಕೊಂಡು, ಇಡೀ ತಟ್ಟೆ ನೆಟ್ಟಗೆ ನಿಲ್ಲುತ್ತದೆ.

ಶುರುವಿನಲ್ಲಿ, ನಿಧಾನವಾಗಿ ತಿರುಗುವಾಗ, ಬ್ಲೇಡು ಅತ್ತಿತ್ತ ಒಲೆಯುವುದನ್ನು ಕಂಡು ಪಕ್ಕದವರು ಗಾಬರಿಯಾಗುತ್ತಾರೆ. ನೀನು ಆಗಬೇಡ. ವೇಗ ಏರಿದ ಹಾಗೆ ಒಲೆತ ನಿಲ್ಲುವ ಒಂದು ಗಳಿಗೆ ಬರುತ್ತದೆ, ಅದನ್ನು ಕಾಯಿ. ಮಿಸ್ತ್ರಿ ಅದಕ್ಕೆ ಮುಂಚೆ ದಿಮ್ಮಿಯನ್ನು ಮುಟ್ಟಿಸುವುದಿಲ್ಲ. 550 ಸುತ್ತಿನ ವೇಗಕ್ಕೆಂದು ಬಡಿದ ಬ್ಲೇಡನ್ನು 400ಕ್ಕೆ ಓಡಿಸಿದರೆ ನಡು ಸಡಿಲವಾಗಿಯೇ ಉಳಿದು ಹಲಗೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. 700ಕ್ಕೆ ಓಡಿಸಿದರೆ ಅಂಚು ಹಾವಿನಂತೆ ಹೊರಳುತ್ತದೆ. ಹಳೆಯ ಬ್ಲೇಡು ಕೊಂಡು, ತಮ್ಮ ಎಂಜಿನ್ನಿನ ವೇಗಕ್ಕೆ ಮತ್ತೆ ಬಡಿಸದೆ ಹಾಕುವವರು ಎಡವುವುದು ಇಲ್ಲೇ. ದೋಷವನ್ನು ಹಲ್ಲಿನ ಮೇಲೋ ಬೇರಿಂಗಿನ ಮೇಲೋ ಹೊರಿಸಿ ಅರದಿಂದ ಹಲ್ಲು ಉಜ್ಜುತ್ತ ಕೂರುತ್ತಾರೆ.

ಹಲ್ಲುಗಳನ್ನು ಹತ್ತಿರದಿಂದ ನೋಡು (ಗರಗಸ ನಿಂತಾಗ, ಕೇಳಿಕೊಂಡು). ತಟ್ಟೆಯಲ್ಲೇ ಕೊರೆದ ಹಲ್ಲಲ್ಲ ಅವು. ಒಂದೊಂದೂ ಬೇರೆ ತುಂಡು. ತಟ್ಟೆಯ ಅಂಚಿನಲ್ಲಿ ಅರ್ಧಚಂದ್ರದಂಥ ಗೂಡು, ಅದರಲ್ಲಿ ಸ್ಪ್ರಿಂಗಿನಂತೆ ಬಿಗಿಯುವ ಒಂದು ಬಳೆತುಂಡು, ಅದರ ತುದಿಯಲ್ಲಿ ಹಲ್ಲು. ಮೊಂಡಾದರೆ ಅದಕ್ಕೆಂದೇ ಇರುವ ಕೀಲಿಯಿಂದ ಬಳೆಯನ್ನು ತಿರುಗಿಸಿ ಹೊಸ ಹಲ್ಲು ಕೂರಿಸಬಹುದು. ಮೊದಮೊದಲು ಇಂಥ ಗೂಡುಗಳಿಗೆ ಚೌಕ ಮೂಲೆಗಳಿದ್ದವು, ಮೂಲೆಯಿಂದಲೇ ತಟ್ಟೆ ಬಿರುಕು ಬಿಡುತ್ತಿತ್ತು. 1860ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ನೇಥನ್ ಸ್ಪಾಲ್ಡಿಂಗ್ ಎಂಬಾತ ಗೂಡನ್ನು ದುಂಡಗೆ ಮಾಡಿದ, ತೊಂದರೆ ತೀರಿತು. ನನ್ನ ಮಟ್ಟಿಗೆ ದುಂಡು ಗರಗಸ ಕಂಡುಹಿಡಿದದ್ದಕ್ಕಿಂತ ಇದೇ ದೊಡ್ಡ ಕೆಲಸ. ದುಂಡು ಗರಗಸ ಕಂಡುಹಿಡಿದವರು ಯಾರು ಅಂತ ಅಲ್ಲಿ ಕೇಳಿದರೆ, 1813ರಲ್ಲಿ ಮ್ಯಾಸಚೂಸೆಟ್ಸ್‌ನ ಶೇಕರ್ ಎಂಬ ಕ್ರೈಸ್ತ ಪಂಥದ ಟ್ಯಾಬಿತಾ ಬ್ಯಾಬಿಟ್ ನೂಲುವ ಚಕ್ರ ನೋಡಿ ಮಾಡಿದಳೆಂದು ಯಾರಾದರೂ ಹೇಳುತ್ತಾರೆ. ಹೆಣ್ಣುಮಗಳೊಬ್ಬಳ ಹೆಸರು ಕೇಳಲು ನನಗೂ ಖುಷಿಯೇ. ಆದರೆ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಮಿಲ್ಲರ್ ಪಡೆದ ಪೇಟೆಂಟು 1777ರದ್ದು.

ಹಲ್ಲಿನ ಅಗಲ ಸಾಮಾನ್ಯವಾಗಿ 9/32 ಇಂಚು, ಅಂದರೆ 7.1 ಮಿ.ಮೀ. ತಟ್ಟೆ 4.2 ಮಿ.ಮೀ. ಉಳಿದದ್ದನ್ನು ಎರಡೂ ಪಕ್ಕಕ್ಕೆ ಹಂಚಿದರೆ ಒಂದೊಂದು ಕಡೆ ಒಂದೂವರೆ ಮಿ.ಮೀ. ಸಂದಿ. ಹೊಟ್ಟಿನ ಗುಟ್ಟು ಈ ಸಂದಿಯಲ್ಲಿದೆ. ಹಲ್ಲು ಕೊರೆದ ಹೊಟ್ಟು ಅದರ ಮುಂದಿನ ಗುಳಿಯಲ್ಲಿ ತುಂಬಿಕೊಂಡು ದಿಮ್ಮಿಯ ಕೆಳಗೆ ಹೋಗಿ ಚೆಲ್ಲಬೇಕು. ಮಿಸ್ತ್ರಿ ಹೆದರಿ ದಿಮ್ಮಿಯನ್ನು ನಿಧಾನಕ್ಕೆ ತಳ್ಳಿದರೆ ಹಲ್ಲು ತೆಳ್ಳಗೆ ಕೆರೆಯುತ್ತದೆ, ಹೊಟ್ಟು ಹಿಟ್ಟಾಗುತ್ತದೆ. ಒಂದೂವರೆ ಮಿಲಿಮೀಟರಿಗಿಂತ ಸಣ್ಣದಾದ ಹಿಟ್ಟು ಗುಳಿಯಲ್ಲಿ ನಿಲ್ಲದೆ ಸಂದಿಗೆ ನುಸುಳಿ, ತಟ್ಟೆಗೂ ಮರಕ್ಕೂ ನಡುವೆ ಉಜ್ಜಿ, ಅಂಚನ್ನು ಕಾಯಿಸುತ್ತದೆ. ಅಂಚು ಕಾದರೆ ಹಿಗ್ಗುತ್ತದೆ, ಹಿಗ್ಗಿದರೆ ಒಲೆಯುತ್ತದೆ, ಒಲೆದರೆ ಇನ್ನೂ ಉಜ್ಜುತ್ತದೆ. ಮೆಲ್ಲಗೆ ಹೋದರೆ ಕ್ಷೇಮ ಎಂಬ ಮಾತು ಈ ಯಂತ್ರದ ಹತ್ತಿರ ನಡೆಯುವುದಿಲ್ಲ.

ಒಂದೊಂದು ಹಲ್ಲೂ 1/16 ಇಂಚಾದರೂ ಕಚ್ಚಬೇಕು. 44 ಹಲ್ಲು, 555 ಸುತ್ತು ಎಂದರೆ ನಿಮಿಷಕ್ಕೆ 24,400 ಕಡಿತ. ಒಂದೊಂದಕ್ಕೆ 1/16 ಇಂಚಿನಂತೆ ನಿಮಿಷಕ್ಕೆ 127 ಅಡಿ. ಹದಿನಾರು ಅಡಿಯ ದಿಮ್ಮಿ ಎಂಟು ಸೆಕೆಂಡಿನೊಳಗೆ ದಾಟಬೇಕು. ಗಡಿಯಾರ ಹಿಡಿದು ನೋಡು. ಮೇಳಗಳಲ್ಲಿ ಜನರಿಗೆ ಕಾಣಲೆಂದು ನಿಧಾನ ಮಾಡುವವರೂ ಇದ್ದಾರೆ, ಶಕ್ತಿ ಸಾಲದ ಎಂಜಿನ್ನೂ ಇರುತ್ತದೆ. ಆಗ ಹೊಟ್ಟನ್ನು ಕೈಗೆ ತೆಗೆದುಕೊಂಡು ಉಜ್ಜಿದರೆ ಗೊತ್ತಾಗಿಬಿಡುತ್ತದೆ: ರವೆಯ ಹಾಗೆ, ಚೂರುಚೂರಾಗಿ ಇದ್ದರೆ ಸರಿ, ಚಿರೋಟಿ ರವೆಗಿಂತಲೂ ನುಣ್ಣಗೆ ಬಂದರೆ ಏನೋ ತಪ್ಪಿದೆ. ವೇಗ ಕಡಿಮೆಯೋ, ಹಲ್ಲು ಮೊಂಡೋ, ತಳ್ಳುವ ಕೈ ಅಳುಕಿದೆಯೋ ಎಂದು ಹುಡುಕಬೇಕು.

ಬಿಸಿ ಎಲ್ಲಿ ಎಂಬುದೂ ಮಾತಾಡುತ್ತದೆ. ಬ್ಲೇಡನ್ನು ದಿಮ್ಮಿ ಓಡುವ ಹಳಿಗೆ ಸರಿಸಮನಾಗಿ ಕೂರಿಸುವುದಿಲ್ಲ. ಮುಂದಿನ ಅಂಚು ದಿಮ್ಮಿಯ ಕಡೆಗೆ ಒಂಚೂರು ವಾಲಿರಬೇಕು, ಹಿಂದಿನ ಹಲ್ಲು ಕೊಯ್ದ ಮೈಯನ್ನು ಮತ್ತೆ ಕೆರೆಯಬಾರದಲ್ಲ. ಹಳೆಯ ಲೆಕ್ಕ 20 ಅಡಿಗೆ 1/8 ಇಂಚು, ನಮ್ಮ ಬಡಗಿಗಳ ಮಾತಿನಲ್ಲಿ ಒಂದು ನೂಲು. ಐದಡಿಯ ಬ್ಲೇಡಿನಗಲಕ್ಕೆ ಅದು ಬರೀ 1/32 ಇಂಚು. ಶಾಫ್ಟಿನ ಬೇರಿಂಗು ತಣ್ಣಗಿದ್ದು ಬ್ಲೇಡಿನ ನಡು ಮಾತ್ರ ಕಾಯುತ್ತಿದ್ದರೆ ದಿಮ್ಮಿಯ ಕಡೆಗೆ ಇನ್ನೊಂದಿಷ್ಟು ವಾಲಿಸಬೇಕು. ಅಂಚು ಕಾದು ನಡು ತಣ್ಣಗಿದ್ದರೆ ಆಚೆಗೆ ತಿರುಗಿಸಬೇಕು. ಬೇರಿಂಗೇ ಕಾದಿದ್ದರೆ ಮೊದಲು ಅದರ ಎಣ್ಣೆ ನೋಡಬೇಕು, ಅದರ ಬಿಸಿ ಶಾಫ್ಟಿನ ಮೂಲಕ ತಟ್ಟೆಯ ನಡುವಿಗೆ ಏರುತ್ತದೆ. ಯಾವುದೇ ಆಗಲಿ, ಬ್ಲೇಡು ಖಾಲಿ ತಿರುಗಿ ಗಾಳಿಗೆ ಆರಿದ ಮೇಲೆ ಮುಂದಿನ ಮಾತು.

ಕಾಲರಿನಡಿ ಹೊಟ್ಟು ಸೇರಿದರೂ ಇದೇ ರಗಳೆ. ಕಾಗದದಷ್ಟು ದಪ್ಪ, 0.1 ಮಿ.ಮೀ. ಕಸ ಒಂದು ಬದಿಗೆ ಕೂತರೆ, 6 ಇಂಚಿಗೆ ಅಷ್ಟಾದದ್ದು 54 ಇಂಚಿಗೆ ಒಂಬತ್ತು ಪಾಲು, ಅಂಚಿನಲ್ಲಿ 0.9 ಮಿ.ಮೀ. ಒಲೆತ. ಬ್ಲೇಡು ಹಾಕುವ ಮುಂಚೆ ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡುವುದು ಅದಕ್ಕೇ.

ದಿಮ್ಮಿಯನ್ನು ಹೊತ್ತು ಹಳಿಯ ಮೇಲೆ ಓಡುವುದನ್ನು ನಮ್ಮವರು ಟ್ರಾಲಿ ಎನ್ನುತ್ತಾರೆ, ಅಲ್ಲಿ ಕ್ಯಾರೇಜ್. ಕೊಕ್ಕೆಗಳು ದಿಮ್ಮಿಯನ್ನು ಕಚ್ಚಿ ಹಿಡಿದಿರುತ್ತವೆ. ಒಂದು ಸನ್ನೆಕೋಲನ್ನು ಎಳೆದರೆ ದಿಮ್ಮಿ ಬ್ಲೇಡಿನ ಕಡೆ ಇಷ್ಟೇ ಅಂತ ಸರಿಯುತ್ತದೆ. ಒಂದಿಂಚಿನ ಹಲಗೆ ಬೇಕಿದ್ದರೆ ಒಂದಿಂಚು ಸರಿಸಿದರಾಗದು. ಗರಗಸ ತಿನ್ನುವ 9/32 ಸೇರಿಸಬೇಕು. ಅಂದರೆ ಪ್ರತಿ ಹಲಗೆಗೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ಮರ ಹೊಟ್ಟಾಗಿ ಹೋಯಿತು. ಬ್ಯಾಂಡ್ ಸಾ ಇದರ ಜಾಗ ಹಿಡಿದದ್ದಕ್ಕೆ ಒಂದು ದೊಡ್ಡ ಕಾರಣ ಇದೇ.

ಅಳತೆಯಲ್ಲೂ ಅವರದೊಂದು ಲೆಕ್ಕವಿದೆ, ದಿಮ್ಮಿಯಿಂದ ಎಷ್ಟು ಹಲಗೆ ಬರುತ್ತದೆಂದು ಅಂದಾಜಿಸುವ ಡಾಯ್ಲ್ ಸೂತ್ರ. ದಿಮ್ಮಿಯ ಸಣ್ಣ ತುದಿಯ ಅಡ್ಡಳತೆಯಿಂದ 4 ಇಂಚು ಕಳೆ, ವರ್ಗ ಮಾಡು, ಉದ್ದದ ಅಡಿಯಿಂದ ಗುಣಿಸಿ 16ರಿಂದ ಭಾಗಿಸು. 20 ಇಂಚು, 16 ಅಡಿಯ ದಿಮ್ಮಿಗೆ 256 ಬೋರ್ಡ್ ಫೂಟ್. 12 ಬೋರ್ಡ್ ಫೂಟಿಗೆ ಒಂದು ಘನ ಅಡಿ, ಹಾಗಾಗಿ 21 ಚಿಲ್ಲರೆ ಘನ ಅಡಿ. ಸುತ್ತಳತೆಯ ಕಾಲು ಭಾಗವನ್ನು ವರ್ಗ ಮಾಡುವ ನಮ್ಮ ಡಿಪೋ ಲೆಕ್ಕದಲ್ಲಿ ಅದೇ ದಿಮ್ಮಿ 27ಕ್ಕೂ ಮೀರುತ್ತದೆ. ತೀರಾ ದೊಡ್ಡದಲ್ಲದ ದಿಮ್ಮಿಗಳಲ್ಲಿ ಡಾಯ್ಲ್ ಲೆಕ್ಕ ಕೊಳ್ಳುವವನ ಕಡೆಗೆ ವಾಲಿದ್ದು, ದಿಮ್ಮಿ ಸಣ್ಣದಾದಷ್ಟೂ ಮಾರುವವನಿಗೆ ನಷ್ಟ.

ದಿಮ್ಮಿಯ ಕೊಯ್ದ ತುದಿಯನ್ನೂ ನೋಡಿಕೋ. ಓಕ್ ಮರದಲ್ಲಿ ನೀಲಿಗಪ್ಪು ಕಲೆ ಕಂಡರೆ ಒಳಗೆ ಮೊಳೆಯೋ ತಂತಿಯೋ ಇರುವ ಸಾಧ್ಯತೆ ಹೆಚ್ಚು. ಮರದ ಒಗರು ಕಬ್ಬಿಣಕ್ಕೆ ತಾಗಿ ಹಾಗೆ ಕಪ್ಪಾಗುತ್ತದೆ. ಮನೆಯಂಗಳದ ಮರ, ಬೇಲಿಸಾಲಿನ ಮರವನ್ನು ತಿಳಿದವರು ಒಲ್ಲೆನ್ನುವುದು ಇದಕ್ಕೇ. ಮೊಳೆಗೆ ತಾಗಿದ ಹಲ್ಲು ಗುಂಡಿನಂತೆ ಹಾರಬಹುದು. ಅದಕ್ಕೆ ಒಂದು ಮಾತು ಖಂಡಿತ ನೆನಪಿಡು: ಬ್ಲೇಡಿನ ನೇರಕ್ಕೆ, ಹಿಂದಾಗಲಿ ಮುಂದಾಗಲಿ, ನಿಲ್ಲಬೇಡ. ಬೆಲ್ಟಿನ ನೇರಕ್ಕೂ ನಿಲ್ಲಬೇಡ. ಸದ್ದು ಜೋರಿರುತ್ತದೆ, ಕಿವಿಗೆ ಏನಾದರೂ ಹಾಕಿಕೋ, ದುಪಟ್ಟಾ ಕಾರಿನಲ್ಲೇ ಬಿಡು.

ಬ್ಲೇಡಿನ ಹಿಂದೆ ನಿಂತ ಸಣ್ಣ ಚಕ್ರವೋ ಉಕ್ಕಿನ ಅಲಗೋ ಕಾಣುತ್ತದೆ. ಕೊಯ್ದ ಹಲಗೆಯನ್ನು ಬೇರ್ಪಡಿಸಿ ಹಿಡಿಯುವುದು ಅದರ ಕೆಲಸ. ಮುಂದಿನ ಹಲ್ಲು ಕೆಳಕ್ಕೆ ಇಳಿದರೆ ಹಿಂದಿನದು ಮೇಲಕ್ಕೆ ಏಳುತ್ತದೆ. ಹಲಗೆ ಆ ಹಿಂದಿನ ಹಲ್ಲಿಗೆ ಒರಗಿತೋ, ಎತ್ತಿ ಮಿಸ್ತ್ರಿಯ ಮೇಲೆ ಎಸೆಯುತ್ತದೆ. ಆ ಅಲಗಿಲ್ಲದ ಮಿಲ್ಲು ಕಂಡರೆ ಅಲ್ಲಿಂದ ದೂರ ಸರಿ.

ಯಂತ್ರದ ಮೇಲೆ ‘ಫ್ರಿಕ್’ ಎಂಬ ಹೆಸರಿದ್ದರೆ ಅದು ಅದೇ ರಾಜ್ಯದ ವೇನ್ಸ್‌ಬರೋದ್ದು. ಜಾರ್ಜ್ ಫ್ರಿಕ್ 1853ರಲ್ಲಿ ಶುರುಮಾಡಿದ ಕಾರ್ಖಾನೆ, ಎಂಜಿನ್ನೂ ಸಾಮಿಲ್ಲೂ ಎರಡನ್ನೂ ಮಾಡುತ್ತಿತ್ತು. ಆಮೇಲೆ ಐಸ್ ಮಾಡುವ ಯಂತ್ರಗಳ ಕಡೆ ಹೊರಳಿತು.

ಕೊಯ್ಯುವಾಗ ಕಣ್ಣು ಮುಚ್ಚಿ ಎಂಜಿನ್ನನ್ನು ಕೇಳು. ದಿಮ್ಮಿ ಬ್ಲೇಡಿಗೆ ತಾಗಿದ ಕೂಡಲೇ ವೇಗವನ್ನು ಹದದಲ್ಲಿಡುವ ಗವರ್ನರ್ ಉಗಿಯನ್ನು ತೆರೆಯುತ್ತದೆ, ಪುಸಪುಸ ಎನ್ನುತ್ತಿದ್ದದ್ದು ಗಡುಸಾಗಿ ಬೊಗಳುತ್ತದೆ. ಲಯ ಒಂದೇ ಇದ್ದು ದನಿ ಮಾತ್ರ ದಪ್ಪವಾದರೆ ಎಂಜಿನ್ನಿಗೆ ಶಕ್ತಿಯಿದೆ. ಲಯವೇ ಎಳೆದುಕೊಂಡು ಹೋದರೆ ಸುತ್ತು ಕುಸಿಯುತ್ತಿದೆ, ಮಿಸ್ತ್ರಿ ಈಗ ಕೈ ತಡೆಯಬೇಕು. ಎಂಜಿನ್ನಿನ ಲಯ ಇದ್ದಂತೆಯೇ ಇದ್ದು ಗರಗಸದ ಸದ್ದು ಮಾತ್ರ ಇಳಿದರೆ ಬೆಲ್ಟು ಜಾರುತ್ತಿದೆ.

ಮಧ್ಯಾಹ್ನ ಮಿಲ್ಲು ನಿಂತಾಗ ಮಿಸ್ತ್ರಿಯನ್ನು ಒಂದೇ ಒಂದು ಪ್ರಶ್ನೆ ಕೇಳು: ಈ ಬ್ಲೇಡನ್ನು ನಿಮಿಷಕ್ಕೆ ಎಷ್ಟು ಸುತ್ತಿನ ವೇಗಕ್ಕೆಂದು ಬಡಿಸಿದ್ದು? ಎಂಜಿನ್ನಿನ ಸುತ್ತು, ಎರಡೂ ಪುಲ್ಲಿಗಳ ಅಳತೆ ಕೇಳಿ ಗುರುತು ಹಾಕಿಕೊಂಡು ಬಾ. ಒಂದು ಹಿಡಿ ಹೊಟ್ಟನ್ನೂ ಕವರಿಗೆ ಹಾಕಿಕೋ. ಭಾನುವಾರ ಫೋನಿನಲ್ಲಿ ಕೂತು ಲೆಕ್ಕ ತಾಳೆ ಹಾಕೋಣ.

ಇಂತಿ,
ಅಮ್ಮ