ನಮ್ಮ ಗೌರಿಯನ್ನು ಉಳಿಸಿಕೊಟ್ಟವರಿಗೆ

ಗೌರಿ ಹುಷಾರಾಗಿದೆ. ನಿನ್ನೆಯಿಂದ ಮತ್ತೆ ಡೈರಿಗೆ ಹಾಲು ಹಾಕುತ್ತಿದ್ದೇವೆ. ಉಣ್ಣೆ ಹುಳ ಕಚ್ಚಿ ಥೈಲೇರಿಯಾ ಅನ್ನೋ ರೋಗ ಬಂದು ನೆಲ ಹಿಡಿದಿದ್ದ ಎಚ್‌ಎಫ್ ತಳಿಯ ಹಸು ಎದ್ದು ನಿಂತಿದೆ ಅಂದರೆ ಅದು ನಮ್ಮೊಬ್ಬರ ಕೈಯಿಂದ ಆದದ್ದಲ್ಲ.

ಮೊದಲ ಥ್ಯಾಂಕ್ಸ್ ಪಕ್ಕದ ಮನೆ ಅಜ್ಜಿಗೆ. ಗೌರಿಯ ಮೈ ಸವರುತ್ತಾ ಭುಜದ ಮುಂದೆ ಕೈ ನಿಲ್ಲಿಸಿ, "ಇಲ್ಲಿ ಗಡ್ಡೆ ಊದೈತೆ ಕಣಪ್ಪಾ, ಡಾಕ್ಟ್ರಿಗೆ ಹೇಳು" ಅಂದರು. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿದೆವು, ಪಶು ಸಂಜೀವಿನಿ ಗಾಡಿ ಬಂತು.

ಜ್ವರ 106 ಡಿಗ್ರಿ ಇತ್ತು. ಆದರೂ ಡಾಕ್ಟರಮ್ಮ ನೇರವಾಗಿ ಸೂಜಿಗೆ ಕೈ ಹಾಕಲಿಲ್ಲ. ಕಿವಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ ಪರೀಕ್ಷೆಗೆ ಕಳಿಸಿದರು. ನಾನು ಅವರಿಗೆ ಋಣಿಯಾಗಿರುವುದು ಮುಖ್ಯವಾಗಿ ಇದಕ್ಕೇ. ಉಣ್ಣೆಯಿಂದ ಬರುವ ರೋಗ ಒಂದೇ ಅಲ್ಲವಲ್ಲ. ಥೈಲೇರಿಯಾ ಆದರೆ ಗಡ್ಡೆ ಊದುತ್ತದೆ, ಬುಪಾರ್ವಾಕ್ವೋನ್ ಇಂಜೆಕ್ಷನ್ ಬೇಕು. ಬಬೇಸಿಯಾದಲ್ಲಿ ಗಂಜಲ ಕಾಫಿ ಬಣ್ಣಕ್ಕೆ ತಿರುಗುತ್ತದೆ, ಅದರ ಔಷಧಿ ಬೇರೆ. ಅನಾಪ್ಲಾಸ್ಮಾಕ್ಕೆ ಆಕ್ಸಿಟೆಟ್ರಾಸೈಕ್ಲಿನ್. ಬರೀ ಜ್ವರ ಇಳಿಸುವ ಸೂಜಿ ಹಾಕಿಸಿದರೆ ಒಂದು ದಿನ ಮೇವು ತಿನ್ನಬಹುದು, ಒಳಗಿನ ರೋಗಾಣು ಹಾಗೇ ಇರುತ್ತದೆ.

ಅಷ್ಟರಲ್ಲಿ ಕಣ್ಣಿನ ಒಳರೆಪ್ಪೆ ಸುಣ್ಣ ಬಳಿದ ಹಾಗೆ ಬಿಳಿಚಿತ್ತು. ರಕ್ತ ಕೊಡಲೇಬೇಕು ಅಂದರು. ದನಗಳಿಗೆ ಮೊದಲ ಸಲ ರಕ್ತ ಕೊಡುವಾಗ ಸಾಮಾನ್ಯವಾಗಿ ಗುಂಪು ಹೊಂದಿಸುವ ರಗಳೆ ಇಲ್ಲವಂತೆ, ಕೊಡುವ ದನ ಗಟ್ಟಿಮುಟ್ಟಾಗಿರಬೇಕು ಅಷ್ಟೇ. ಕೆಳಗಿನ ಬೀದಿ ಮಾವ ಉಳುಮೆ ನಿಲ್ಲಿಸಿ ಹಳ್ಳಿಕಾರ್ ಎತ್ತನ್ನು ಹೊಡೆದುಕೊಂಡು ಬಂದರು. ಒಂದು ಮಾತೂ ಆಡಲಿಲ್ಲ. ಮಾವನಿಗೆ ಏನು ಹೇಳಿದರೂ ಕಮ್ಮಿ. ಎತ್ತಿಗೆ ಹಿಂಡಿ, ಬೆಲ್ಲ ಸಂದಾಯವಾಗಿದೆ ಬಿಡಿ.

ಕೊಟ್ಟಿಗೆ ಗೋಡೆಯ ಬಿರುಕಿಗೆ ಸಿಮೆಂಟ್ ಮೆತ್ತಿದ ಹುಡುಗರಿಗೂ ಥ್ಯಾಂಕ್ಸ್. ಥೈಲೇರಿಯಾ ಹರಡುವ ಜಾತಿಯ ಉಣ್ಣೆ ರಕ್ತ ಕುಡಿದು ಉದುರಿ, ಅಂಥ ಸಂದಿಯಲ್ಲೇ ಮೊಟ್ಟೆ ಇಡುತ್ತದೆ. ಹಸುವಿನ ಮೈಗೆ ಮಾತ್ರ ಔಷಧಿ ಹೊಡೆದರೆ ಸಾಲದು.

ಇನ್ನು ಒಂದು ವಿಷಯ. ಥೈಲೇರಿಯಾಕ್ಕೆ ರಕ್ಷಾವ್ಯಾಕ್-ಟಿ ಅಂತ ಲಸಿಕೆ ಇದೆ. ಎರಡು ತಿಂಗಳು ದಾಟಿದ ಮಿಶ್ರತಳಿ ಕರುಗಳಿಗೆ ಹಾಕಿಸಬಹುದು. ಲಸಿಕೆಯನ್ನು ಅದರ ದ್ರಾವಣದಲ್ಲಿ ಬೆರೆಸಿದ ಮೇಲೆ ಬೇಗ ಹಾಕಿ ಮುಗಿಸಬೇಕು, ಅದಕ್ಕೆ ನಾಲ್ಕಾರು ಮನೆಯವರು ಒಟ್ಟಿಗೆ ಸೇರಿದರೆ ಅನುಕೂಲ. ಬೇಕಾದವರು ಡೈರಿ ಸೆಕ್ರೆಟರಿ ಹತ್ತಿರ ಹೆಸರು ಬರೆಸಿ. ನಮ್ಮ ಕರುವಿನ ಹೆಸರು ಆಗಲೇ ಬರೆಸಿದ್ದೇನೆ.