ಪಟ್ಟಿ ಮಕ್ಕಳು ಬರೆಯಲಿ, ಅರ್ಥಿಂಗ್ ದೊಡ್ಡವರು ನೋಡಲಿ

ಮಾನ್ಯರೆ,

ಪರೀಕ್ಷೆ ಮುಗಿದು ರಜೆ ಶುರುವಾಯಿತೆಂದರೆ ದಾವಣಗೆರೆ, ಚಿತ್ರದುರ್ಗದ ಮನೆಗಳಲ್ಲಿ ಒಂದೇ ರಾಗ: ‘ಅಪ್ಪಾಜಿ, ಗೇಮಿಂಗ್ ಪಿಸಿ ಕೊಡಿಸು.’ ಅದಕ್ಕೆ ಸರಿಯಾಗಿ ‘ಐ7, 16 ಜಿಬಿ, ಗ್ರಾಫಿಕ್ಸ್ ಕಾರ್ಡ್ ಸಮೇತ’ ಎಂಬ ರೆಡಿಮೇಡ್ ಪೆಟ್ಟಿಗೆಗಳ ಜಾಹೀರಾತುಗಳೂ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತವೆ. ಬೆಲೆ ಕಂಡು ಹಿಗ್ಗುವ ಮೊದಲು ಆ ಐ7 ಯಾವ ತಲೆಮಾರಿನದು ಎಂದು ಕೇಳಬೇಕು. ಐ7-2600 ಬಂದದ್ದು 2011ರಲ್ಲಿ, ಐ7-3770 ಬಂದದ್ದು 2012ರಲ್ಲಿ. ಜೊತೆಗೆ ಸಿಕ್ಕಿಸಿ ಕೊಡುವ ಜಿಟಿ 730 ಕಾರ್ಡು 2014ರದು. ಈ ಪ್ರೊಸೆಸರ್‌ಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮಕ್ಕಳು ಹಟ ಹಿಡಿಯುವ ವ್ಯಾಲರಂಟ್ ಆಟವಂತೂ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆಗಳಿಲ್ಲದೆ ತೆರೆಯುವುದೇ ಇಲ್ಲ. ಹೆಸರಿಗೆ ಐ7, ಕೆಲಸಕ್ಕೆ ಈಗಿನ ಐ3ಕ್ಕಿಂತ ಹಿಂದೆ.

ಒಂದು ತಿಂಗಳು ತಡವಾದರೂ ಚಿಂತೆಯಿಲ್ಲ, ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಬಿಡಿಭಾಗ ಆರಿಸಿ ಮನೆಯಲ್ಲೇ ಜೋಡಿಸುವುದು ಮೇಲು. ಜೋಡಣೆ ಒಂದು ಭಾನುವಾರದ ಕೆಲಸ. ಯೋಜನೆಗೆ ಮೂರು ನಾಲ್ಕು ವಾರ ಬೇಕು. ಹನ್ನೊಂದು ಹನ್ನೆರಡರ ಮಗು ಪಟ್ಟಿಯ ಬಹುಪಾಲನ್ನು ತಾನೇ ಬರೆಯಬಲ್ಲದು. ದೊಡ್ಡವರು ಕೈಬಿಡದೆ ಹಿಡಿದುಕೊಳ್ಳಬೇಕಾದ್ದು ಮೂರೇ: ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆ ಕರೆಂಟು ಹಂಚುವ ಡಬ್ಬಿ), ಮನೆಯ ಅರ್ಥಿಂಗ್, ಬಿಲ್ಲು.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಭಾಗಗಳ ಹೆಸರು ಬೇಡ, ಆಟಗಳ ಹೆಸರು ಇರಲಿ. ಮೈನ್‌ಕ್ರಾಫ್ಟ್, ವ್ಯಾಲರಂಟ್ ಅಷ್ಟೇ ಸಾಕು ಎನ್ನುವ ಮಗುವಿಗೆ ಮೊದಲ ವರ್ಷ ಗ್ರಾಫಿಕ್ಸ್ ಕಾರ್ಡೇ ಬೇಕಿಲ್ಲ. ರೈಜನ್ 5 5600ಜಿ ಎಂಬ ಆರು ಕೋರಿನ ಪ್ರೊಸೆಸರ್‌ನಲ್ಲಿ ಚಿತ್ರ ತೋರಿಸುವ ಭಾಗ ಒಳಗೇ ಇದೆ. ಸೆಟ್ಟಿಂಗ್ ತಗ್ಗಿಸಿಕೊಂಡರೆ 1080 ಪಿ ಪರದೆಯಲ್ಲಿ ಈ ಆಟಗಳು ನಡೆಯುತ್ತವೆ. ಕಾರ್ಡನ್ನು ಮುಂದಿನ ದೀಪಾವಳಿಗೆ ಸೇರಿಸಬಹುದು. ಇಲ್ಲಿ ‘ಜಿ’ ಅಕ್ಷರ ಬಿಟ್ಟುಹೋದರೆ ಕೆಲಸ ಕೆಟ್ಟಿತು. ಬರೀ 5600 ಅಥವಾ ಇಂಟೆಲ್‌ನ 12400ಎಫ್ ತಂದು ಕಾರ್ಡಿಲ್ಲದೆ ಜೋಡಿಸಿದರೆ ಫ್ಯಾನು ತಿರುಗುತ್ತದೆ, ಪರದೆ ಕಪ್ಪಾಗಿಯೇ ಉಳಿಯುತ್ತದೆ. ಅವುಗಳಲ್ಲಿ ಗ್ರಾಫಿಕ್ಸ್ ಇಲ್ಲ. ಇನ್ನು ದೊಡ್ಡ ಆಟಗಳೇ ಬೇಕು ಎಂದಾದರೆ 5600 ಅಥವಾ 12400ಎಫ್ ಜೊತೆಗೆ 8 ಜಿಬಿಯ ಆರ್‌ಎಕ್ಸ್ 6600 ದರ್ಜೆಯ ಕಾರ್ಡು ಹೊಂದುತ್ತದೆ. ಪೆಟ್ಟಿಗೆಗೆ ಇಟ್ಟ ದುಡ್ಡಿನಲ್ಲಿ ಮೂರನೇ ಒಂದು ಪಾಲಾದರೂ ಕಾರ್ಡಿಗೆ ಹೋಗಲಿ. ಐದಾರು ವರ್ಷದ ನಂತರ ಪ್ರೊಸೆಸರ್ ಮಾತ್ರ ಬದಲಿಸುವ ಆಸೆ ಇದ್ದವರು ಈ ರೈಜನ್‌ಗಳು ಕೂರುವ ಎಎಂ4 ಸಾಕೆಟ್ ಬಿಟ್ಟು ಎಎಂ5 ಸಾಕೆಟ್ಟಿನ ಮದರ್‌ಬೋರ್ಡಿಗೆ ಹೋಗಬೇಕು, ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ರ‍್ಯಾಮ್ ಬೆಲೆ ವಿಪರೀತ ಏರಿರುವುದರಿಂದ ಆ ಸಾಲಿನ ಬೆಲೆಯನ್ನೇ ಮೊದಲು ವಿಚಾರಿಸಿ. 16 ಜಿಬಿಯ ಒಂದು ರ‍್ಯಾಮ್ ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿ ವಾಸಿ. ಎರಡು ದಾರಿಯಲ್ಲಿ ಡೇಟಾ ಹರಿಯುತ್ತದೆ. 5600ಜಿ ತನ್ನ ಗ್ರಾಫಿಕ್ಸ್‌ಗೂ ಇದೇ ರ‍್ಯಾಮನ್ನು ಬಳಸುವುದರಿಂದ ಅದರಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಮಾನಿಟರ್, ಕೀಬೋರ್ಡ್, ಮೌಸ್, ಯುಪಿಎಸ್, ವಿಂಡೋಸ್, ವೈಫೈ ಇವು ಪಟ್ಟಿಯಲ್ಲಿ ಯಾವಾಗಲೂ ಮರೆತುಹೋಗುತ್ತವೆ. ಮದುವೆ ಲೆಕ್ಕದಲ್ಲಿ ಊಟದೆಲೆ ಮರೆತ ಹಾಗೆ.

ಎಸ್‌ಎಂಪಿಎಸ್ ವಿಚಾರದಲ್ಲಿ ಮಗುವಿಗೆ ಒಂದು ಗುಣಾಕಾರ ಕಲಿಸಿ. ಕ್ಯಾಬಿನೆಟ್ ಜೊತೆ ‘ಫ್ರೀ’ ಬರುವ ಡಬ್ಬಿಯ ಮೇಲೆ 450 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಅದನ್ನು ಬಿಟ್ಟು ಪಕ್ಕದ ಸಣ್ಣ ಕೋಷ್ಟಕದಲ್ಲಿ +12 ವೋಲ್ಟ್ ಎದುರು ಎಷ್ಟು ಆಂಪಿಯರ್ ಬರೆದಿದೆ ನೋಡಲಿ. 16 ಎಂದಿದ್ದರೆ 12 × 16 = 192 ವ್ಯಾಟ್. ಪ್ರೊಸೆಸರ್ ಮತ್ತು ಕಾರ್ಡು ಎರಡೂ ಉಣ್ಣುವುದು ಈ 12 ವೋಲ್ಟಿನಿಂದಲೇ. ಆರ್‌ಎಕ್ಸ್ 6600ಕ್ಕೆ 132, ಪ್ರೊಸೆಸರ್‌ಗೆ 80ರ ಆಸುಪಾಸು, ಉಳಿದದ್ದಕ್ಕೆ 50-60 ಹಿಡಿದರೆ 260 ದಾಟುತ್ತದೆ; 192ರ ಡಬ್ಬಿ ಆಟದ ನಡುವೆ ಆಫ್ ಆಗದೆ ಇನ್ನೇನು ಮಾಡೀತು? ಆಫ್ ಆದರೆ ಪುಣ್ಯ, ಸುಟ್ಟರೆ ಬೋರ್ಡನ್ನೂ ಕರೆದುಕೊಂಡು ಹೋಗುತ್ತದೆ. 80 ಪ್ಲಸ್ ಬ್ರಾಂಜ್ ಎಂಬ ದಕ್ಷತೆಯ ಗುರುತಿನ 550 ವ್ಯಾಟ್ ಸಾಕು. ಒಳ್ಳೆಯದರಲ್ಲಿ 12 ವೋಲ್ಟ್ ಎದುರು 45ರ ಹತ್ತಿರದ ಸಂಖ್ಯೆ ಇರುತ್ತದೆ. ಈ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಬಾರದು: ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್ ಮೀರಿದ ಚಾರ್ಜು ಉಳಿದಿರಬಹುದು.

ಅರ್ಥಿಂಗ್ ನಮ್ಮ ಭಾಗದ ದೊಡ್ಡ ಕಾಯಿಲೆ. ಕ್ಯಾಬಿನೆಟ್ಟಿನ ಲೋಹ ಮುಟ್ಟಿದರೆ ‘ಜುಂ’ ಎನ್ನುತ್ತದೆ ಎಂಬ ದೂರು ಬಂದಾಗ ಜನ ಕಂಪ್ಯೂಟರನ್ನು ಬೈಯುತ್ತಾರೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಚೂರು ಕರೆಂಟನ್ನು ಲೋಹದ ಮೈಗೆ ಬಿಡುವುದು ಸಹಜ. ಅದು ಅರ್ಥ್ ತಂತಿಯಲ್ಲಿ ನೆಲಕ್ಕಿಳಿಯಬೇಕು. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೇಲಿನ ತೂತಿಗೆ ತಂತಿಯೇ ಬಂದಿರುವುದಿಲ್ಲ. ಇದ್ದರೂ ಚಿತ್ರದುರ್ಗದ ಕಲ್ಲುನೆಲದಲ್ಲಿ ಏಪ್ರಿಲ್ ಹೊತ್ತಿಗೆ ಅರ್ಥ್ ಗುಂಡಿ ಒಣಗಿ ಕೆಲಸ ನಿಲ್ಲಿಸಿರುತ್ತದೆ. ಬೇಸಿಗೆಯಲ್ಲಿ ಅದಕ್ಕೆ ವಾರಕ್ಕೆರಡು ಕೊಡ ನೀರು ಹಾಕುವ ಹಿರಿಯರ ರೂಢಿ ಸರಿಯಾದದ್ದೇ. ಭಾಗಗಳನ್ನು ತರಿಸುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಮಲ್ಟಿಮೀಟರ್‌ನಲ್ಲಿ ನೋಡಿಸಿ: ಫೇಸ್ ಮತ್ತು ಅರ್ಥ್ ನಡುವೆ 230ರ ಹತ್ತಿರ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚಿರಬಾರದು. ಇದನ್ನು ಮಗು ದೂರ ನಿಂತು ನೋಡಲಿ.

ಮನೆಯ ಇನ್ವರ್ಟರ್‌ನಲ್ಲೇ ನಡೆಸುವವರು ಅದರ ಹಿಂದಿನ ಸ್ವಿಚ್ಚನ್ನು ‘ಯುಪಿಎಸ್’ ಕಡೆ ಇಡಬೇಕು. ಎಸ್‌ಎಂಪಿಎಸ್ ಪೂರ್ತಿ ಹೊರೆಯಲ್ಲಿ ಕರೆಂಟಿಲ್ಲದೆ ತಾಳುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ಫ್ಯಾನು, ದೀಪಕ್ಕೆಂದು ಇಟ್ಟ ಇನ್ನೊಂದು ಕಡೆಯಲ್ಲಿ ಬದಲಾವಣೆ ಅದಕ್ಕಿಂತ ನಿಧಾನ, ಪಿಸಿ ರೀಸ್ಟಾರ್ಟ್ ಆಗುತ್ತದೆ. ಸ್ಕ್ವೇರ್ ವೇವ್‌ಗಿಂತ ಸೈನ್ ವೇವ್ ಇನ್ವರ್ಟರ್ ಇದ್ದರೆ ನೆಮ್ಮದಿ. ಬೇರೆ ಯುಪಿಎಸ್ ಕೊಳ್ಳುವವರಿಗೆ ಒಂದು ಮಾತು: ‘600 ವಿಎ’ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಆಟ ಮುಂದುವರಿಸಲು ಅಲ್ಲ, ಸೇವ್ ಮಾಡಿ ಮುಚ್ಚಲು.

ಸೆಕೆಯ ಲೆಕ್ಕವೂ ನಮ್ಮೂರಿನದೇ ಬೇರೆ. ಬೆಂಗಳೂರಿನಲ್ಲಿ 26 ಡಿಗ್ರಿ ಕೋಣೆಯಲ್ಲಿ 70 ತೋರಿಸಿದ ಪ್ರೊಸೆಸರ್ ಇಲ್ಲಿ 38 ಡಿಗ್ರಿ ಮಧ್ಯಾಹ್ನದಲ್ಲಿ ಹೆಚ್ಚು ಕಡಿಮೆ 82 ಮುಟ್ಟುತ್ತದೆ. ಪ್ರೊಸೆಸರ್ ಮೇಲೆ ಕೂರುವ ಕೂಲರ್ ಅದನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಆದ್ದರಿಂದ ಮುಂಭಾಗ ಪೂರ್ತಿ ಗಾಜಿನ ಕ್ಯಾಬಿನೆಟ್ ಯೂಟ್ಯೂಬಿಗೆ ಚೆಂದ, ದಾವಣಗೆರೆಗೆ ಅಲ್ಲ. ಮುಂದೆ ಜಾಲರಿ, ಅದರ ಹಿಂದೆ ತೆಗೆದು ತೊಳೆಯುವ ಫಿಲ್ಟರ್, ಒಳಗೆಳೆಯಲು ಎರಡು ಫ್ಯಾನು, ಹಿಂದೆ ಹೊರಹಾಕಲು ಒಂದು. ಒಳಬರುವ ಗಾಳಿ ಹೆಚ್ಚಿದ್ದರೆ ಸಂದಿಗೊಂದಿಗಳಿಂದ ಧೂಳು ಎಳೆದುಕೊಳ್ಳುವುದಿಲ್ಲ. ನೆಲದ ಮೇಲೆ ಇಡಬೇಡಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಲ್ಲಿ ತಡೆದಿರಿ, ಇಲ್ಲದಿದ್ದರೆ ಬೇರಿಂಗ್ ಹಾಳು. ಬಣ್ಣದ ದೀಪದ ಫ್ಯಾನು ಬೇಕೆಂದು ಮಗು ಅತ್ತರೆ ಒಂದು ಕೊಡಿಸಿ. ಆಟದ ವೇಗ ಹೆಚ್ಚದು, ಧೂಳು ಒರೆಸುವ ಉಮೇದು ಹೆಚ್ಚೀತು.

ಕೊಳ್ಳುವಾಗ ಎಲ್ಲವೂ ಒಂದೇ ವಾರದಲ್ಲಿ ಕೈಸೇರುವಂತೆ ನೋಡಿಕೊಳ್ಳಿ. ಈ ತಿಂಗಳು ಬೋರ್ಡು, ಮುಂದಿನ ತಿಂಗಳು ಪ್ರೊಸೆಸರ್ ಎಂದರೆ, ಬೋರ್ಡು ಸತ್ತಿದೆ ಎಂದು ತಿಳಿಯುವ ಹೊತ್ತಿಗೆ ಬದಲಿಸಿಕೊಡುವ ಗಡುವು ದಾಟಿರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಬೆಲೆ ಕಡಿಮೆ ಇರಬಹುದು, ಆದರೆ ಕೆಟ್ಟದ್ದನ್ನು ಹೊತ್ತುಕೊಂಡು ಮತ್ತೆ 260 ಕಿ.ಮೀ. ಹೋಗುವ ಖರ್ಚನ್ನೂ ಸೇರಿಸಿ ನೋಡಿ. ಮಾನಿಟರ್, ಕ್ಯಾಬಿನೆಟ್, ಎಸ್‌ಎಂಪಿಎಸ್‌ನಂಥ ಭಾರದ ಸಾಮಾನು ಊರಿನಲ್ಲೇ ಕೊಳ್ಳುವುದು ಜಾಣತನ. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ‘ಬಿಲ್ ಬೇಡ ಅಂದ್ರೆ ಕಮ್ಮಿ ಆಗುತ್ತೆ’ ಎಂಬ ಮಾತಿಗೆ ಮರುಳಾದರೆ ವಾರಂಟಿ ಗಾಳಿಗೆ. ‘ಟ್ರೇ’ ಪ್ರೊಸೆಸರ್ ಎಂದರೆ ಡಬ್ಬಿಯಿಲ್ಲದ್ದು. ಡಬ್ಬಿಯದಕ್ಕೆ ಸಿಗುವ ಕಂಪನಿಯ ಮೂರು ವರ್ಷದ ವಾರಂಟಿ ಅದಕ್ಕೆ ಇರುವುದಿಲ್ಲ. ಕೊರಿಯರ್ ಡಬ್ಬಿ ಒಡೆಯುವುದನ್ನು ಮಗು ಮೊಬೈಲಿನಲ್ಲಿ ಚಿತ್ರೀಕರಿಸಲಿ.

ಜೋಡಿಸುವ ದಿನ ಒಂದು ಸ್ಟಾರ್ ಸ್ಕ್ರೂಡ್ರೈವರ್, ತುದಿಯಲ್ಲಿ ಅಯಸ್ಕಾಂತ ಇರುವುದು, ಮತ್ತು ಒಂದು ಇಡ್ಲಿ ತಟ್ಟೆ ಸಾಕು. ತಟ್ಟೆ ತೂತಿಲ್ಲದ್ದಿರಲಿ, ಎಸ್‌ಎಸ್‌ಡಿಯ (ವಿಂಡೋಸ್, ಆಟಗಳನ್ನು ತುಂಬಿಡುವ ಭಾಗ) ಸ್ಕ್ರೂ ಅಕ್ಕಿಕಾಳಿಗಿಂತ ಚಿಕ್ಕದು. ದಪ್ಪ ಮರೆಯ (ಥ್ರೆಡ್ಡಿನ) ಸ್ಕ್ರೂ ತಟ್ಟೆಯ ಒಂದು ಗುಳಿಗೆ, ಸಣ್ಣ ಮರೆಯದು ಇನ್ನೊಂದಕ್ಕೆ. ಎರಡೂ ನೋಡಲು ಒಂದೇ ಥರ, ಅದಲುಬದಲಾದರೆ ಮರೆ ಕಿತ್ತುಬರುತ್ತದೆ. ನೈಲಾನ್ ಬಟ್ಟೆ, ಕಾರ್ಪೆಟ್ ಬೇಡ. ನಮ್ಮ ಒಣ ಹವೆಯಲ್ಲಿ ಮೈಯಲ್ಲಿ ಸ್ಥಾಯೀ ವಿದ್ಯುತ್ತು ಬೇಗ ಸೇರುತ್ತದೆ, ಆಗಾಗ ಕ್ಯಾಬಿನೆಟ್ಟಿನ ಲೋಹ ಮುಟ್ಟುತ್ತಿರಿ.

ಮದರ್‌ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲೆಯೇ ಇಟ್ಟು ಶುರುಮಾಡಿ. ಎಎಂ4 ಪ್ರೊಸೆಸರ್ ಅಡಿಯಲ್ಲಿ 1331 ಪಿನ್ನುಗಳಿವೆ. ಸಾಕೆಟ್ಟಿನ ಸರಳು ಎತ್ತಿ, ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಇಟ್ಟರೆ ಅದು ತಾನಾಗಿ ಕೂರಬೇಕು. ಒತ್ತಿದಿರೋ, ಪಿನ್ನು ಬಾಗಿತು. ರ‍್ಯಾಮ್ ಇದಕ್ಕೆ ತದ್ವಿರುದ್ಧ: ‘ಮುರಿದೀತು’ ಎಂದು ಮಗು ಹೆದರುತ್ತದೆ, ಅದಕ್ಕೇ ಅರ್ಧ ಕೂತಿರುತ್ತದೆ. ಎರಡೂ ತುದಿಗೆ ಹೆಬ್ಬೆರಳಿಟ್ಟು ‘ಟಕ್’ ಎನ್ನುವವರೆಗೆ ಒತ್ತಲಿ. ನಾಲ್ಕು ಸ್ಲಾಟಿದ್ದರೆ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು. ಎಸ್‌ಎಸ್‌ಡಿಯನ್ನು ಓರೆಯಾಗಿ ತೂರಿಸಿ ಮಲಗಿಸಿ ಸ್ಕ್ರೂ ಹಾಕಬೇಕು. ಅದರ ಹೀಟ್‌ಸಿಂಕ್ ಅಂಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕೀಳಲು ಅರ್ಧ ಜನ ಮರೆಯುತ್ತಾರೆ. 5600ಜಿ ಜೊತೆಗೆ ಬರುವ ಕೂಲರಿಗೆ ಶಾಖ ದಾಟಿಸುವ ಪೇಸ್ಟ್ ಬಳಿದೇ ಇರುತ್ತದೆ. ಅದನ್ನು ಕೂರಿಸಲು ಬೋರ್ಡಿನ ಪ್ಲಾಸ್ಟಿಕ್ ಕೊಕ್ಕೆಗಳನ್ನು ಬಿಚ್ಚುವಾಗ ಅಡಿಯ ಪಟ್ಟಿ ಕೆಳಗೆ ಬೀಳುತ್ತದೆ, ಒಬ್ಬರು ಹಿಡಿದಿರಬೇಕು. ಸ್ಕ್ರೂಗಳನ್ನು ಕರ್ಣದಂತೆ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಇಂಟೆಲ್ ಕೂಲರಿನ ನಾಲ್ಕು ಪುಷ್‌ಪಿನ್‌ಗಳಲ್ಲಿ ಒಂದು ಹಿಡಿಯದಿದ್ದರೂ ಆಟ ಶುರುವಾದ ಕೆಲವೇ ನಿಮಿಷದಲ್ಲಿ ಬಿಸಿ 100 ಡಿಗ್ರಿ ಮುಟ್ಟಬಹುದು.

ಕ್ಯಾಬಿನೆಟ್ಟಿಗೆ ಹಾಕುವ ಮೊದಲೇ ಎಸ್‌ಎಂಪಿಎಸ್ ಸಿಕ್ಕಿಸಿ ಒಮ್ಮೆ ಚಾಲೂ ಮಾಡಿ ನೋಡುವುದು ನಮ್ಮ ಸಲಹೆ. ಆಗ ತೊಂದರೆ ಸಿಕ್ಕರೆ ಹತ್ತು ನಿಮಿಷದ ಕೆಲಸ, ಎಲ್ಲ ಬಿಗಿದ ಮೇಲೆ ಸಿಕ್ಕರೆ ಎರಡು ಗಂಟೆ. ಪ್ರೊಸೆಸರ್‌ಗೆ ಹೋಗುವ ಎಂಟು ಪಿನ್ನಿನ ಕೇಬಲ್ಲೂ ಕಾರ್ಡಿಗೆ ಹೋಗುವ ಎಂಟು ಪಿನ್ನಿನ ಕೇಬಲ್ಲೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಮೊದಲನೆಯದು 4+4 ಆಗಿ ಸೀಳುತ್ತದೆ, ಎರಡನೆಯದು 6+2. ಒಂದರ 12 ವೋಲ್ಟ್ ಇರುವ ಸಾಲಿನಲ್ಲಿ ಇನ್ನೊಂದರ ಗ್ರೌಂಡ್ ಇರುವುದರಿಂದ ಬಲವಂತವಾಗಿ ತುರುಕಿದರೆ ಹೊಗೆಯೇ ಗತಿ.

ಒಳಗೆ ಇಳಿಸುವ ಮುನ್ನ ಹಿಂಬದಿಯ ಪೋರ್ಟ್ ತಗಡನ್ನು ಕೂರಿಸಿ, ಅದರ ಅಂಚು ಬೆರಳು ಕೊಯ್ಯುತ್ತದೆ. ಬೋರ್ಡಿನ ತೂತು ಇಲ್ಲದ ಕಡೆ ಹಿತ್ತಾಳೆಯ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಮೋಟು ಕಂಬ) ಉಳಿದಿದ್ದರೆ ತೆಗೆಯಿರಿ, ಅಡಿಯಿಂದ ಶಾರ್ಟ್ ಆಗುತ್ತದೆ. ಪವರ್ ಬಟನ್ನಿನ ಸಣ್ಣ ತಂತಿಯನ್ನು ಹೇಗೆ ಸಿಕ್ಕಿಸಿದರೂ ನಡೆಯುತ್ತದೆ, ದೀಪದ ತಂತಿಗೆ ಮಾತ್ರ ಪ್ಲಸ್ ಮೈನಸ್ ನೋಡಬೇಕು. ಆ ಅಕ್ಷರಗಳನ್ನು ಓದಲು ಮಕ್ಕಳ ಕಣ್ಣೇ ಬೇಕು. ಗ್ರಾಫಿಕ್ಸ್ ಕಾರ್ಡು ಕೊನೆಗೆ. ಅದರ ಉದ್ದ ಕ್ಯಾಬಿನೆಟ್ಟಿಗೆ ಹಿಡಿಸುತ್ತದೆಯೇ ಎಂಬುದನ್ನು ಮಿಲಿಮೀಟರಿನಲ್ಲಿ ಅಳೆದು ನೋಟ್‌ಬುಕ್ಕಿನಲ್ಲಿ ಮೊದಲೇ ಬರೆದಿರಬೇಕಿತ್ತು.

ಪರದೆ ಬಾರದಿದ್ದರೆ ಗಾಬರಿ ಬೇಡ. ಡಿಡಿಆರ್5 ಬೋರ್ಡುಗಳು ಮೊದಲ ಸಲ ರ‍್ಯಾಮನ್ನು ಪರಿಚಯ ಮಾಡಿಕೊಳ್ಳಲು ಕೆಲವು ನಿಮಿಷ ಕಪ್ಪಾಗಿಯೇ ಇರುತ್ತವೆ. ಕಾರ್ಡು ಹಾಕಿದ್ದರೆ ಮಾನಿಟರ್ ಕೇಬಲ್ ಬೋರ್ಡಿಗಲ್ಲ, ಕಾರ್ಡಿಗೆ. ಬೋರ್ಡಿನ ಮೇಲೆ ನಾಲ್ಕು ಪುಟ್ಟ ದೀಪಗಳಿದ್ದರೆ ಯಾವುದು ಉರಿದು ನಿಂತಿದೆ ನೋಡಿ. ರ‍್ಯಾಮಿನದಾದರೆ ಒಂದೇ ಕಡ್ಡಿ ಇಟ್ಟು ಮತ್ತೆ ಒತ್ತಿ ಕೂರಿಸಿ. ಕಾರ್ಡಿನದಾದರೆ ಅದರ ಪವರ್ ಕೇಬಲ್ ಮರೆತಿರಬಹುದು. ಪರದೆ ಬಂದ ಮೇಲೆ ಬಯೋಸ್‌ನಲ್ಲಿ (ಬೋರ್ಡಿನ ಸ್ವಂತ ಸೆಟ್ಟಿಂಗ್ ಪುಟ) ರ‍್ಯಾಮನ್ನು ಪೂರ್ತಿ ವೇಗಕ್ಕೇರಿಸುವ ಎಕ್ಸ್‌ಎಂಪಿ ಆನ್ ಮಾಡಬೇಕು, ಇಲ್ಲದಿದ್ದರೆ 3200ರ ರ‍್ಯಾಮ್ ಸಾಮಾನ್ಯವಾಗಿ 2133 ಅಥವಾ 2400ರಲ್ಲೇ ತೆವಳುತ್ತದೆ. ವಿಂಡೋಸ್‌ನಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್ ತೆರೆದು 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ವೇಗ) ಆರಿಸದೆ ಹೋದರೆ, ದುಡ್ಡು ಕೊಟ್ಟು ತಂದ 144ರ ಮಾನಿಟರ್ 60ರಲ್ಲೇ ಇದ್ದುಬಿಡಬಹುದು. ಹೊಸ ವಿಂಡೋಸ್‌ಗೆ ವೈಫೈ ಡ್ರೈವರ್ ಸಿಗದಿದ್ದರೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ ಹಾಕಿ. ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಸಿಕೊಂಡು ಅದೇ ಯಂತ್ರದಲ್ಲಿ ಅಪ್ಪ ಅಮ್ಮ ಬ್ಯಾಂಕ್ ವ್ಯವಹಾರ ಮಾಡುವುದು ಬೇಡ. ಆ್ಯಂಟಿವೈರಸ್ ಆಫ್ ಮಾಡಿಯೇ ಅದನ್ನು ಹಾಕಿರುತ್ತಾರೆ.

ಹೊಸ ಭಾಗದ ಮೇಲೆ ಮಗು ಮೊದಲ ಸಲ ಕೈಯಿಡುವ ಮುಂಚೆ ಹಳೆಯದರ ಮೇಲೆ ಒಮ್ಮೆ ಅಭ್ಯಾಸವಾದರೆ ಅರ್ಧ ತಪ್ಪುಗಳು ಅಲ್ಲೇ ಮುಗಿಯುತ್ತವೆ. ದಾವಣಗೆರೆಯ ಯುಬಿಡಿಟಿ, ಬಿಐಇಟಿ, ಚಿತ್ರದುರ್ಗದ ಎಸ್‌ಜೆಎಂಐಟಿಯಂಥ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬುಗಳಲ್ಲಿ ಗುಜರಿಗೆ ಸೇರಬೇಕಾದ ಕಂಪ್ಯೂಟರುಗಳು ಇದ್ದೇ ಇರುತ್ತವೆ. ಏಪ್ರಿಲ್ ಮೇ ತಿಂಗಳಲ್ಲಿ ಎರಡು ಭಾನುವಾರ ಅವುಗಳಲ್ಲಿ ಹತ್ತನ್ನು ಮೇಜಿನ ಮೇಲಿಟ್ಟು, ಬಿಚ್ಚಿ ಜೋಡಿಸಲು ಊರಿನ ಮಕ್ಕಳನ್ನೂ ಪೋಷಕರನ್ನೂ ಬಿಡಲಿ. ಪ್ಲಗ್ ಹಾಕುವ ಅಗತ್ಯವಿಲ್ಲ, ಎಸ್‌ಎಂಪಿಎಸ್ ಡಬ್ಬಿಗಳನ್ನು ಮೊದಲೇ ತೆಗೆದಿಟ್ಟರಾಯಿತು.

— ಕಂಪ್ಯೂಟರ್ ಹಾರ್ಡ್‌ವೇರ್ ಕೆಲಸಗಾರರು, ದಾವಣಗೆರೆ