ಹತ್ತು ಆಜ್ಞೆ ಯಾರಿಗೆ ಹೇಳಿದ್ದು?

ಹುಬ್ಬಳ್ಳಿ
ರವಿವಾರ ಮಧ್ಯಾಹ್ನ

ಪ್ರೀತಿಯ ಗೆಳೆಯ,

ಬೆಟಗೇರಿಯಲ್ಲಿ ಸಂಡೇಸ್ಕೂಲಿನ ಸಣ್ಣ ಮಕ್ಕಳ ಕ್ಲಾಸು ನಿನ್ನ ಕೊರಳಿಗೆ ಬಿತ್ತು ಅಂತ ಓದಿ ನಗು ಬಂತು. ಇಲ್ಲ ಅನ್ನಲು ಬಾರದವರನ್ನೇ ಹುಡುಕಿ ಹಿಡಿಯುವುದು ಎಲ್ಲ ಚರ್ಚ್ ಸಭೆಗಳ ಪದ್ಧತಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ನಿಮ್ಮೂರಿಗೆ ಬಂದ 1841ರಿಂದಲೂ ಹೀಗೇ ನಡೆದಿರಬೇಕು! ಅದರಲ್ಲೂ ಮೊದಲ ಪಾಠವೇ ಹತ್ತು ಆಜ್ಞೆ, ದೇವರು ಎರಡು ಕಲ್ಲಿನ ಹಲಗೆಗಳ ಮೇಲೆ ಬರೆದು ಮೋಶೆಗೆ ಕೊಟ್ಟ ಮಾತುಗಳು. ಚಾರ್ಟ್ ಕೇಳಿದ್ದೀಯ, ಕಳಿಸುತ್ತೇನೆ. ಆದರೆ ಅದನ್ನು ಗೋಡೆಗೆ ಹಚ್ಚುವ ಮೊದಲು ಒಂದು ಮಾತು.

ಆ ಆಜ್ಞೆಗಳಿರುವ ಬೈಬಲ್ಲಿನ ವಿಮೋಚನಕಾಂಡ 20ನೇ ಅಧ್ಯಾಯವನ್ನು ಒಮ್ಮೆ ಸುಮ್ನೆ ಕೂತು ಓದು. ಮನೆ, ಹೆಂಡತಿ, ಆಳು, ಎತ್ತು, ಕತ್ತೆ, ಸಾಕ್ಷಿ. ಇದರಲ್ಲಿ ಆರು ವರ್ಷದ ಹುಡುಗನ ಹತ್ತಿರ ಏನಿದೆ ಹೇಳು? ಇವೆಲ್ಲ ದೊಡ್ಡವರಿಗೆ ಹೇಳಿದ ಮಾತು. ನಾವು ದೊಡ್ಡವರನ್ನು ಬಿಟ್ಟು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ತಪ್ಪಿದರೆ ದೇವರು ನೋಡ್ತಾನೆ ಅಂತ ಹೆದರಿಕೆ ಬೇರೆ. ಅದಕ್ಕೆ ನಾನು ಪ್ರತಿ ಆಜ್ಞೆಗೂ ಮೊದಲು ಮಕ್ಕಳನ್ನೇ ಕೇಳುತ್ತೇನೆ, ಇದನ್ನು ಯಾರಿಗೆ ಹೇಳಿದ್ದು ಅಂತ.

ಶುರು ಮಾಡುವುದಾದರೆ ನಾಲ್ಕನೇದರಿಂದ ಮಾಡು, ಸಬ್ಬತ್ತಿನ, ಅಂದರೆ ವಾರಕ್ಕೊಂದು ದಿನ ಕೆಲಸ ಬಿಟ್ಟು ವಿಶ್ರಮಿಸುವ ದಿನದ ಆಜ್ಞೆಯಿಂದ. ಒಂದರಿಂದಲೇ ಹೊರಡಬೇಕು ಅಂತ ಯಾರೂ ಬರೆದಿಟ್ಟಿಲ್ಲ. ನಮ್ಮ ಕಡೆ ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ. ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡಬಾರದು ಅನ್ನುವುದನ್ನು ಹಳ್ಳಿಯಲ್ಲಿ ಅಜ್ಜನ ಮನೆಯಲ್ಲಿ ನೋಡಿರುತ್ತಾರೆ. ಇದೇ ಆಜ್ಞೆಗಳು ಇನ್ನೊಮ್ಮೆ ಬರುವ ಧರ್ಮೋಪದೇಶಕಾಂಡ 5ರಲ್ಲಿ ಎತ್ತು, ಕತ್ತೆಗಳನ್ನು ಹೆಸರು ಹಿಡಿದೇ ಹೇಳಿದೆ. ಆಳುಗಳಿಗೂ ನಿನ್ನ ಹಾಗೇ ವಿಶ್ರಾಂತಿ ಸಿಗಬೇಕು ಅಂತಿದೆ. ಕಾರಣವೂ ಅಲ್ಲೇ ಇದೆ: ನೀನೂ ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ದಾಸನಾಗಿದ್ದೆ, ಮರೆಯಬೇಡ.

ಇದನ್ನು ಹೇಳುವಾಗ ಒಂದು ಹುಡುಗಿ ಎದ್ದು ನಿಂತಳು. ಕಾಣಿಕೆಯ ಐದು ರೂಪಾಯಿ ನಾಣ್ಯ ಕೈಯಲ್ಲಿ ಒತ್ತಿ ಹಿಡಿದಿದ್ದಳು, ಅಂಗೈ ಬೆವೆತಿತ್ತು. "ಟೀಚರ್, ನಮ್ಮವ್ವ ರವಿವಾರನೂ ಮಂದಿ ಮನಿ ಭಾಂಡಿ ತಿಕ್ಕಾಕ ಹೋಗ್ತಾಳ. ದೇವ್ರು ಆಕಿ ಮ್ಯಾಲ ಸಿಟ್ಟಾಗ್ತಾನೇನ್ರಿ?" ಎಷ್ಟು ವಾರದಿಂದ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳೋ. ಇಲ್ಲಮ್ಮ, ಈ ಮಾತನ್ನು ನಿಮ್ಮವ್ವನಿಗೆ ಹೇಳಿದ್ದಲ್ಲ, ಅವಳನ್ನು ಕೆಲಸಕ್ಕೆ ಕರೆಯುವವರಿಗೆ ಹೇಳಿದ್ದು ಅಂದೆ. ಅವಳ ಮುಖ ಅರಳಿತು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ, "ನಮ್ಮ ಮನ್ಯಾಗೂ ಒಬ್ಬಾಕಿ ಬರ್ತಾಳ್ರಿ, ರವಿವಾರನೂ" ಅಂದ. ಅವನ ಅಪ್ಪ ಸಭೆಯ ಕಮಿಟಿಯವರು. ಸಂಜೆಗೇ ನನಗೆ ಫೋನ್ ಬಂತು. ಮಕ್ಕಳ ತಲೆಯಲ್ಲಿ ಏನೇನೋ ತುಂಬ್ತಿದ್ದೀರಿ ಅಂದರು. ಬೈಬಲ್ಲಿನಲ್ಲಿ ಇರುವುದನ್ನೇ ತುಂಬುತ್ತಿದ್ದೇನೆ ಸರ್, ಅಂದೆ. ನಿಮ್ಮೂರಲ್ಲಿ ಮಗ್ಗದ ಮನೆಗಳ ಮಕ್ಕಳೂ ಬರುತ್ತಾರಲ್ವಾ, ನಿನಗೂ ಇಂಥ ಪ್ರಶ್ನೆ ಬಂದೇ ಬರುತ್ತದೆ.

ಐದನೇದರಲ್ಲಿ ಜಾಸ್ತಿ ಹುಷಾರಾಗಿರು. ತಂದೆತಾಯಿಗಳನ್ನು ಸನ್ಮಾನಿಸು ಅನ್ನುವುದನ್ನು ನಮ್ಮ ಹಿರಿಯರು ಬೆತ್ತದ ಹಾಗೆ ಬಳಸಿದ್ದಾರೆ. ಯೇಸು ಈ ಆಜ್ಞೆಯನ್ನು ಎತ್ತಿದ್ದು ಯಾರೆದುರು? ಮಾರ್ಕನ ಸುವಾರ್ತೆಯ 7ನೇ ಅಧ್ಯಾಯ ನೋಡು. ಹೆತ್ತವರಿಗೆ ಕೊಡಬೇಕಾದ್ದನ್ನು 'ಕೊರ್ಬಾನ್, ದೇವರಿಗೆ ಮೀಸಲು' ಅಂತ ಹೇಳಿ ಕೈ ತೊಳೆದುಕೊಳ್ಳಲು ದಾರಿ ಮಾಡಿಕೊಟ್ಟ ಗಡ್ಡ ಬಂದ ದೊಡ್ಡವರೆದುರು. ಅಪೊಸ್ತಲ ಪೌಲನೂ ಎಫೆಸದ ಸಭೆಗೆ ಬರೆದ ಪತ್ರದಲ್ಲಿ ಈ ಆಜ್ಞೆ ನೆನಪಿಸಿದ ಕೂಡಲೇ ತಂದೆಗಳ ಕಡೆ ತಿರುಗಿ, ಮಕ್ಕಳನ್ನು ಕೆಣಕಬೇಡಿ ಅನ್ನುತ್ತಾನೆ. ಎರಡನ್ನೂ ಒಟ್ಟಿಗೆ ಹೇಳು. ಕುಡಿದು ಬಂದು ಹೊಡೆಯುವ ಅಪ್ಪಂದಿರ ಮಕ್ಕಳೂ ನಿನ್ನ ಕ್ಲಾಸಿನಲ್ಲಿ ಇರಬಹುದು.

ಹಾಂ, ತಾಯಿ ಕಥೋಲಿಕರ ಮನೆಯವರಾದ ಮಗು ಇದ್ದರೆ 'ಅದು ಐದನೇದಲ್ಲ, ನಾಕನೇದು' ಅಂತ ತಕರಾರು ತೆಗೆಯುತ್ತದೆ. ಅದೂ ಸರಿಯೇ. ಅವರು ನಮ್ಮ ಮೊದಲೆರಡನ್ನು ಒಂದು ಮಾಡಿ, ಕೊನೆಯದನ್ನು ಎರಡು ಮಾಡುತ್ತಾರೆ. ಪ್ರೊಟೆಸ್ಟಂಟ್ ಸುಧಾರಕ ಲೂಥರನ ಎಣಿಕೆಯೂ ಹಾಗೇ. ಮಾತು ಅದೇ, ಮುಂದೆ ಹೋಗು.

ಕದಿಯಬಾರದು, ಕೊಲ್ಲಬಾರದು ಅನ್ನುವುದಕ್ಕೆ ಹೆಚ್ಚು ಹೊತ್ತು ಬೇಡ. ಬಸವಣ್ಣನವರ ವಚನ ಶಾಲೆಯಲ್ಲೇ ಬಾಯಿಗೆ ಬಂದಿರುತ್ತದೆ. ಒಂಬತ್ತನೇದು ಮಕ್ಕಳದೇ ಲೋಕ. ಸುಳ್ಳುಸಾಕ್ಷಿ ಅಂದರೆ ತಾನು ಮಾಡಿದ್ದನ್ನು ಪಕ್ಕದವನ ತಲೆಗೆ ಕಟ್ಟುವುದು ಅಂತ ಹೇಳು, ತಟ್ಟನೆ ಹತ್ತು ಬೆರಳು ಒಬ್ಬರ ಕಡೆ ಒಬ್ಬರು ತೋರಿಸುತ್ತವೆ. ಧರ್ಮೋಪದೇಶಕಾಂಡ 19ರಲ್ಲಿ ಇದಕ್ಕೊಂದು ನಿಯಮವಿದೆ. ಒಬ್ಬನೇ ಸಾಕ್ಷಿ ಹೇಳಿದರೆ ಸಾಲದು, ಇಬ್ಬರೋ ಮೂವರೋ ಬೇಕು. ಸುಳ್ಳು ಹೇಳಿದವನಿಗೆ ತಾನು ಇನ್ನೊಬ್ಬನಿಗೆ ಬಯಸಿದ ಶಿಕ್ಷೆಯೇ ಆಗಬೇಕು. ಇದು ಮಕ್ಕಳಿಗೆ ಬಹಳ ಹಿಡಿಸುತ್ತದೆ.

ಗಣೇಶನ ಹಬ್ಬ ಬಂದಾಗ, ಬೇರೆ ದೇವರು ಬೇಡ, ವಿಗ್ರಹ ಬೇಡ ಅನ್ನುವ ಒಂದನೇದು, ಎರಡನೇದು ತಾವಾಗಿಯೇ ಎದ್ದು ಬರುತ್ತವೆ. ಪಕ್ಕದ ಮನೆಯವರು ಪಾಪ ಮಾಡ್ತಾರಾ ಅಂತ ಕೇಳುತ್ತಾರೆ. ಅಲ್ಲಿಯೂ ನನ್ನ ಉತ್ತರ ಅದೇ: ಇದನ್ನು ಹೇಳಿದ್ದು ನಿನಗೆ. ನೆರೆಮನೆಯವರ ಲೆಕ್ಕ ಬರೆಯುವ ಕೆಲಸ ನಿನಗೆ ಕೊಟ್ಟಿಲ್ಲ. ಕೆಲವು ಟೀಚರ್‌ಗಳಿಗೆ ಇದು ಒಪ್ಪಿಗೆಯಿಲ್ಲ, ಗೊತ್ತು.

ಕೈಕೆಲಸಕ್ಕೆ ಥರ್ಮೋಕೋಲ್ ತರಬೇಡ. ಎರೆಮಣ್ಣು ಕಲಸಿ ಎರಡು ಹಲಗೆ ಮಾಡಿಸು. ಮಣ್ಣೆತ್ತಿನ ಅಮಾವಾಸ್ಯೆ ಕಂಡ ಮಕ್ಕಳಿಗೆ ಮಣ್ಣು ಕಲಸುವುದನ್ನು ಕಲಿಸಬೇಕಾಗಿಲ್ಲ. ಕಡ್ಡಿಯಿಂದ ಎರಡೂ ಬದಿಗೆ ಬರೆಯಲಿ. ಚಿತ್ರಗಳಲ್ಲಿ ಒಂದೇ ಬದಿ ಬರೆದಿರುತ್ತಾರೆ, ಆದರೆ ವಿಮೋಚನಕಾಂಡ 32ರ ಪ್ರಕಾರ ಎರಡೂ ಬದಿಯಲ್ಲಿ ಬರಹವಿತ್ತು. ಎರೆಮಣ್ಣು ಒಣಗಿದರೆ ಬಿರುಕು ಬಿಡುತ್ತದೆ, ಬಿಡಲಿ. ಮೋಶೆ ಸಿಟ್ಟಿನಲ್ಲಿ ಮೊದಲ ಹಲಗೆಗಳನ್ನು ಒಡೆದ ಕಥೆಗೆ ಅದೇ ಬೇಕು. ಮುಂದಿನ ವಾರ ಇನ್ನೊಂದು ಜೋಡಿ ಮಾಡಿಸು, ಮೋಶೆಯೂ ಮಾಡಿದ.

ಇನ್ನು ಏಳನೇದು. ವ್ಯಭಿಚಾರ ಅಂದ್ರೇನ್ರಿ ಅಂತ ಖಂಡಿತ ಕೇಳುತ್ತಾರೆ. ಮದುವೆಯ ದಿನ ಸಭೆಯ ಮುಂದೆ ಕೊಟ್ಟ ಮಾತನ್ನು ಗಂಡ ಹೆಂಡತಿ ಮುರಿಯಬಾರದು, ಅಷ್ಟೇ ಅನ್ನುತ್ತೇನೆ. ಇದಕ್ಕಿಂತ ಒಳ್ಳೆಯ ಉತ್ತರ ಹೊಳೆದರೆ ತಕ್ಷಣ ಬರೆದು ಕಳಿಸು, ನನಗೆ ಬರುವ ರವಿವಾರಕ್ಕೆ ಬೇಕು.

ನಿನ್ನ ಗೆಳೆಯ